ಚಳಿನಾಡಿನಲ್ಲಿ ಕಾರಿಗೆ ಪ್ಲಗ್ ಹಾಕುವ ಮುನ್ನ

ಜಯನಗರದ ಅಕ್ಕನ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಅಕ್ಕನ ಮಗ ಜನವರಿಯಲ್ಲಿ ಕೆನಡಾದ ವಿನಿಪೆಗ್‌ಗೆ ಕೆಲಸಕ್ಕೆ ಹೊರಟಿದ್ದಾನೆ. ನಾನು ಅಲ್ಲಿಗೆ ಹೋಗಿ ಹದಿನಾರು ವರ್ಷವಾಯಿತು. ನಿನ್ನೆ ಅವನ ಸೂಟ್‌ಕೇಸಿನಲ್ಲಿ ಎಸ್‌ಪಿ ರೋಡಿನಿಂದ ತಂದ ಹೊಸ ಎಕ್ಸ್‌ಟೆನ್ಷನ್ ಬಾಕ್ಸ್ ಕಂಡಿತು. "ಕಾರಿನ ಹೀಟರ್‌ಗೆ ಬೇಕಾಗುತ್ತಲ್ಲಾ ಮಾವ" ಅಂದ. "ಅದು ಇಲ್ಲೇ ಇರಲಿ ಕಣೋ" ಅಂತ ತೆಗೆದಿಟ್ಟೆ. ಅವನಿಗೆ ಹೇಳಿದ್ದನ್ನೇ ಈಗ ಹೊರಡುವ ಎಲ್ಲರಿಗೂ ಹೇಳುತ್ತೇನೆ.

ಬೆಂಗಳೂರಿನ ದಾಖಲೆಯ ಚಳಿ ಎಂದರೆ 1884ರ ಜನವರಿಯ 7.8 ಡಿಗ್ರಿ. ವಿನಿಪೆಗ್‌ನ ಜನವರಿಯಲ್ಲಿ ಮೈನಸ್ 30 ಬಂದರೂ ಯಾರೂ ಅಚ್ಚರಿಪಡುವುದಿಲ್ಲ. ಆ ಚಳಿಗೆ ಇಂಜಿನ್ ಆಯಿಲ್ ಮಂದವಾಗುತ್ತದೆ, ಬ್ಯಾಟರಿಯ ಶಕ್ತಿಯೂ ಕುಗ್ಗುತ್ತದೆ, ಕಾರು ಸ್ಟಾರ್ಟ್ ಆಗುವುದೇ ಕಷ್ಟ. ಅದಕ್ಕೇ ಬ್ಲಾಕ್ ಹೀಟರ್. ಬಕೆಟ್ಟಿನ ನೀರಿಗೆ ನಾವು ಇಳಿಬಿಡುವ ರಾಡ್ ಇದೆಯಲ್ಲ, ಹೆಚ್ಚುಕಮ್ಮಿ ಅದೇ ಕೆಲಸ: ಇಂಜಿನ್ನಿನ ಒಳಗೆ ಕೂತು ಕೂಲಂಟ್, ಅಂದರೆ ಇಂಜಿನ್ ತಂಪಾಗಿಡಲು ಹರಿಯುವ ದ್ರವ, ಅದನ್ನು ಕಾಯಿಸುತ್ತದೆ. ಅಮೆರಿಕದ ನಾರ್ತ್ ಡಕೋಟಾದ ಆಂಡ್ರ್ಯೂ ಫ್ರೀಮನ್ ಇಂಜಿನ್ ಕಾಯಿಸುವ ಇಂಥದ್ದೊಂದು ಹೀಟರಿಗೆ 1949ರಲ್ಲಿ ಪೇಟೆಂಟ್ ಪಡೆದರು. ಕಾರಿನ ಮುಂದಿನ ಗ್ರಿಲ್‌ನಿಂದ ಇಣುಕುವ ಮೂರು ಪಿನ್ನಿನ ಪ್ಲಗ್ ಬ್ಲಾಕ್ ಹೀಟರಿನದೇ. ಹಳೇ ಕಾರು ಕೊಳ್ಳುವಾಗ ಅದು ಇದೆಯೇ, ಕೆಲಸ ಮಾಡುತ್ತದೆಯೇ ಎಂದು ಮೆಕ್ಯಾನಿಕ್ ಹತ್ತಿರ ನೋಡಿಸಿ. ಕೂಲಂಟ್ ಮಟ್ಟವೂ ಸರಿಯಿರಬೇಕು, ಕಡಿಮೆಯಿದ್ದರೆ ಹೀಟರೇ ಸುಟ್ಟುಹೋಗುತ್ತದೆ. ಬರೀ ನೀರು ತುಂಬಿಸಲೇಬೇಡಿ, ಅದು ಹೆಪ್ಪುಗಟ್ಟಿದರೆ ಇಂಜಿನ್ ಬ್ಲಾಕೇ ಸೀಳುತ್ತದೆ.

ಆದರೆ ನನ್ನ ಅನುಭವದಲ್ಲಿ ಅಪಾಯ ಇರುವುದು ಹೀಟರಿನಲ್ಲಿ ಅಲ್ಲ, ವೈರಿನಲ್ಲಿ. ನನ್ನ ಮೊದಲ ಚಳಿಗಾಲದಲ್ಲಿ ಮನೆಯೊಳಗೆ ಬಳಸುವ ತೆಳು ವೈರನ್ನೇ ಹೊರಗೆಳೆದು ಹಾಕಿದ್ದೆ. ಬೆಳಿಗ್ಗೆ ಐದಕ್ಕೆ ಕೀಳಲು ಹೋದರೆ ಪ್ಲಗ್ ಬರಲಿಲ್ಲ. ಪ್ಲಾಸ್ಟಿಕ್ ಕರಗಿ ಸಾಕೆಟ್ಟಿಗೆ ಅಂಟಿತ್ತು, ಪಿನ್ ಕಂದುಗಟ್ಟಿತ್ತು, ಸುಟ್ಟ ವಾಸನೆ. ಒಳಗೆ ಹೆಂಡತಿ, ಎರಡು ವರ್ಷದ ಮಗಳು ಮಲಗಿದ್ದರು. ಆ ವಾಸನೆ ನನಗೆ ಇನ್ನೂ ಮರೆತಿಲ್ಲ.

ಹೀಟರ್ ಸಾಮಾನ್ಯವಾಗಿ 400ರಿಂದ 1000 ವ್ಯಾಟ್. ಅಲ್ಲಿನ ಕರೆಂಟು 120 ವೋಲ್ಟ್, ನಮ್ಮದು 230. ವೋಲ್ಟ್ ಅರ್ಧವಾದಾಗ ಅದೇ ವ್ಯಾಟಿಗೆ ವೈರಿನಲ್ಲಿ ಹರಿಯುವ ಆಂಪ್ಸ್ ಸುಮಾರು ಎರಡರಷ್ಟು, ಪಿನ್ನಿನ ಆಕಾರವೂ ಬೇರೆ. ಹಾಗಾಗಿ ಇಲ್ಲಿಂದ ಬಾಕ್ಸ್ ಒಯ್ಯಬೇಡಿ. ಅಲ್ಲೇ ಹೊರಾಂಗಣಕ್ಕೆ, ಚಳಿಗೆ ಎಂದು ಬರೆದಿರುವ, ಸಿಎಸ್‌ಎ (ಕೆನಡಾದ ಸುರಕ್ಷತಾ ಮಾನದಂಡ) ಗುರುತಿನ ಮೂರು ಪಿನ್ನಿನ ವೈರ್ ಕೊಳ್ಳಿ. ಗೇಜ್ 14 ಅಥವಾ 12 ಇರಲಿ. ಸಂಖ್ಯೆ ಚಿಕ್ಕದಾದಷ್ಟೂ ತಂತಿ ದಪ್ಪ. ಉದ್ದ ಸಾಲದೆಂದು ಎರಡನ್ನು ಜೋಡಿಸಬೇಡಿ, ಉಳಿದದ್ದನ್ನು ಸುರುಳಿ ಸುತ್ತಿಡಬೇಡಿ, ಸುರುಳಿ ಒಳಗೊಳಗೇ ಕಾಯುತ್ತದೆ. ಗೋಡೆಯ ಸಾಕೆಟ್, ಕರೆಂಟು ಅರ್ತ್‌ಗೆ ಸೋರಿದರೆ ತಾನೇ ಕಡಿತವಾಗುವ ಬಗೆಯದಾಗಿರಲಿ. ಮೊದಲು ಕಾರಿನ ಕಡೆ ಜೋಡಿಸಿ, ಆಮೇಲೆ ಗೋಡೆಗೆ. ಕೀಳುವಾಗ ಮೊದಲು ಗೋಡೆಯದು. ವಾರಕ್ಕೊಮ್ಮೆ ಗ್ಲೌಸ್ ತೆಗೆದು ವೈರಿನುದ್ದಕ್ಕೂ ಕೈಯಾಡಿಸಿ. ಬಿರುಕು ಸಿಕ್ಕರೆ ಟೇಪ್ ಸುತ್ತುವ ಕೆಲಸ ಬೇಡ, ಹೊಸದು ತನ್ನಿ.

ರಾತ್ರಿಯಿಡೀ ಹಾಕಬೇಕಾಗಿಲ್ಲ. ಮೈನಸ್ 15ಕ್ಕಿಂತ ಕೆಳಗಿಳಿದಾಗ, ಹೊರಡುವ ಮೂರ್ನಾಲ್ಕು ಗಂಟೆ ಮುಂಚೆ ಸಾಕು. ಹೊರಾಂಗಣದ ಟೈಮರ್ ಒಂದಿದ್ದರೆ ಹನ್ನೆರಡು ಗಂಟೆಯ ಬದಲು ನಾಲ್ಕೇ ಗಂಟೆ. 400 ವ್ಯಾಟಿನದಾದರೆ 4.8 ಯೂನಿಟ್ ಆಗುವ ಕಡೆ 1.6. ವೈರಿನ ತುದಿಯನ್ನು ಡ್ರೈವರ್ ಕಡೆಯ ಕನ್ನಡಿಗೆ ಒಂದು ಸುತ್ತು ಹಾಕಿ ತನ್ನಿ. ಬಾಗಿಲು ತೆರೆಯುವಾಗ ಕಣ್ಣಿಗೆ ಬೀಳುತ್ತದೆ, ಎಳೆದುಕೊಂಡು ಹೊರಡುವ ಪ್ರಮಾದ ತಪ್ಪುತ್ತದೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರಾಗಿ ತೆಗೆದುಕೊಳ್ಳಬೇಡಿ. ಹೀಟರ್ ಇಲ್ಲವೆಂದು ಮುಚ್ಚಿದ ಗ್ಯಾರೇಜಿನಲ್ಲಿ ಇಂಜಿನ್ ಓಡಿಸಿ ಬೆಚ್ಚಗಾಗಿಸಬೇಡಿ, ಕಾರಿನ ಕೆಳಗೆ ಕೆಂಡವನ್ನೂ ಇಡಬೇಡಿ. ಇಂಜಿನ್ ಉಗುಳುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗ್ಯಾರೇಜಿನ ಬಾಗಿಲ ಸಂದಿಯಿಂದ ಮಲಗುವ ಕೋಣೆಗೆ ನುಗ್ಗುತ್ತದೆ. ಮನೆ ಸೇರಿದ ಮೊದಲ ವಾರವೇ ಕೋಣೆಯ ಹತ್ತಿರದ ಕಾರ್ಬನ್ ಮಾನಾಕ್ಸೈಡ್ ಅಲಾರಂ ಬಟನ್ ಒತ್ತಿ ನೋಡಿ. ಕೂಗದಿದ್ದರೆ ಅವತ್ತೇ ಮಾಲೀಕರಿಗೆ ಫೋನ್ ಮಾಡಿ.