ವಿಕಿ ಆಮೇಲೆ ಮಾಡಿ, ಮೊದಲು ಕೆಲಸ ನಡೆಯುವ ಸ್ಕ್ರೀನ್ ನೋಡಿ

ಆಫೀಸಿನಲ್ಲಿ ಒಂದು ವಿಕಿ, ಅಂದರೆ ಕೆಲಸದ ಮಾಹಿತಿಯನ್ನೆಲ್ಲ ಎಲ್ಲರೂ ಸೇರಿ ಬರೆದಿಡುವ ಜಾಲತಾಣ, ಮಾಡುತ್ತಾರೆ, ಎಲ್ಲರಿಗೂ ಮೇಲ್ ಹೋಗುತ್ತದೆ, ಆರು ತಿಂಗಳಾದ ಮೇಲೆ ನೋಡಿದರೆ ಅದನ್ನು ತೆರೆದವರೇ ಇಲ್ಲ. ಜನ ಸೋಮಾರಿಗಳು ಅಂತಲ್ಲ. ಕೆಲಸ ಒಂದು ಕಡೆ, ಅದಕ್ಕೆ ಬೇಕಾದ ತಿಳಿವಳಿಕೆ ಇನ್ನೊಂದು ಕಡೆ. ಕೈತುಂಬ ಕೆಲಸ ಇಟ್ಟುಕೊಂಡು ಯಾರು ಹುಡುಕುತ್ತಾ ಕೂರುತ್ತಾರೆ, ಅಲ್ವಾ?

ಒಂದೇ ಒಂದು ಪ್ರಕ್ರಿಯೆ ಆರಿಸಿ. ದಿನಾ ನಡೆಯುವಂಥದ್ದು, ಪದೇ ಪದೇ ಸಿಕ್ಕಿಕೊಳ್ಳುವಂಥದ್ದು. ಬಿಲ್ ಪಾಸ್ ಮಾಡುವುದು ಅಂತ ಇಟ್ಟುಕೊಳ್ಳಿ. ಫ್ಲೋಚಾರ್ಟ್ ಬದಿಗಿಟ್ಟು, ಆ ಕೆಲಸ ಮಾಡುವವರ ಪಕ್ಕ ಎರಡು ದಿನ ಸುಮ್ನೆ ಕೂತು ನೋಡಿ. ಎಲ್ಲಿ ಕೈ ನಿಲ್ಲಿಸಿ, ಫೋನ್ ಎತ್ತಿ "ಇದನ್ನ ಏನು ಮಾಡೋದು?" ಅಂತ ಕೇಳುತ್ತಾರೋ ಅಲ್ಲಿ ಗುರುತು ಹಾಕಿ.

ಆ ಪ್ರಶ್ನೆಗೆ ಉತ್ತರವನ್ನು ಅದೇ ಸ್ಕ್ರೀನಿನಲ್ಲಿ ಇಡಿ. ಬಿಲ್ಲಿನ ಮೊತ್ತಕ್ಕೂ ಖರೀದಿ ಆದೇಶಕ್ಕೂ ತಾಳೆಯಾಗದಿದ್ದರೆ ಸಿಸ್ಟಮ್ ಕೆಂಪು ಅಕ್ಷರದಲ್ಲಿ ಕೂಗುತ್ತದಲ್ಲ, ಅದರ ಕೆಳಗೇ ಮೂರು ಸಾಲಿನ ಟಿಪ್ಪಣಿ ಸಾಕು: ಸಾಗಣೆ ಖರ್ಚು ಸೇರಿದೆಯಾ ನೋಡಿ, ಮಾಲು ಎರಡು ಕಂತಿನಲ್ಲಿ ಬಂದಿದೆಯಾ ನೋಡಿ, ಎರಡೂ ಅಲ್ಲದಿದ್ದರೆ ಇಂಥ ಹುದ್ದೆಯವರನ್ನು ಕೇಳಿ. ಹೆಸರು ಬೇಡ, ಹುದ್ದೆ ಬರೆಯಿರಿ. ಜನ ಕೆಲಸ ಬಿಟ್ಟು ಹೋಗುತ್ತಾರೆ.

ಇನ್ನು ಕೆಲಸ ಮಾಡುವವರ ಅನುಭವ ವಾಪಸ್ ಬರುವ ದಾರಿ. ಬಿಲ್ ಮುಗಿಸುವಾಗ ಒಂದೇ ಪ್ರಶ್ನೆ ಇರಲಿ: "ಟಿಪ್ಪಣಿ ಉಪಯೋಗಕ್ಕೆ ಬಂತಾ? ಇಲ್ಲದಿದ್ದರೆ ನೀವು ಏನು ಮಾಡಿದಿರಿ?" ನಾನು ಒಮ್ಮೆ ಐದು ಕಾಲಂ ಕಡ್ಡಾಯ ಮಾಡಿ ಕೆಟ್ಟೆ. ತಿಂಗಳ ಕೊನೆಗೆ ಸಿಕ್ಕಿದ್ದು ಬರೀ ಚುಕ್ಕೆ, 'ಓಕೆ', ಇನ್ನೊಂದಿಷ್ಟು ಚುಕ್ಕೆ.

ಬಂದದ್ದನ್ನು ಪರಿಶೀಲಿಸುವವರು ಅದೇ ಕೆಲಸ ಗೊತ್ತಿರುವವರಾಗಿರಲಿ. 1990ರ ದಶಕದಲ್ಲಿ ಜೆರಾಕ್ಸ್ ಕಂಪನಿಯ 'ಯುರೇಕಾ' ವ್ಯವಸ್ಥೆ ನಡೆದದ್ದು ಹೀಗೆಯೇ. ಕಾಪಿಯರ್ ರಿಪೇರಿಯ ಉಪಾಯವನ್ನು ತಂತ್ರಜ್ಞರೇ ಬರೆಯುತ್ತಿದ್ದರು, ಅನುಭವ ಇರುವ ಇತರ ತಂತ್ರಜ್ಞರು ನೋಡಿ ಒಪ್ಪುತ್ತಿದ್ದರು, ಬರೆದವರ ಹೆಸರು ಜೊತೆಗೇ ಇರುತ್ತಿತ್ತು. ಹೆಸರು ಇದ್ದರೆ ಜನ ಬರೆಯುತ್ತಾರೆ ನೋಡಿ.

ಟಿಪ್ಪಣಿಯ ಜವಾಬ್ದಾರಿ ಪ್ರಕ್ರಿಯೆಯ ಜವಾಬ್ದಾರಿ ಹೊತ್ತವರದ್ದೇ. ನಿಯಮ ಬದಲಿಸುವ ಫಾರಂನಲ್ಲಿ "ಯಾವ ಟಿಪ್ಪಣಿ ತಿದ್ದಬೇಕು?" ಅಂತ ಒಂದು ಸಾಲು ಸೇರಿಸಿ. ಹಳಸಿದ ಟಿಪ್ಪಣಿಗಿಂತ ಟಿಪ್ಪಣಿ ಇಲ್ಲದಿರುವುದೇ ವಾಸಿ. ಮೇಲಿನವರು ಒಪ್ಪದಿದ್ದರೆ ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 9001:2015ರ 7.1.6ನೇ ಭಾಗ ತೋರಿಸಿ. ಕೆಲಸಕ್ಕೆ ಬೇಕಾದ ಜ್ಞಾನವನ್ನು ಗುರುತಿಸಿ ಉಳಿಸಿಕೊಳ್ಳಿ ಅಂತ ಅದೇ ಹೇಳುತ್ತದೆ.

ಎಷ್ಟು ಟಿಪ್ಪಣಿ ಆಯಿತು ಅಂತ ಎಣಿಸಬೇಡಿ. ಮೊದಲು ಗುರುತು ಹಾಕಿದ್ದಿರಲ್ಲ, ಆ ಫೋನ್ ಕರೆಗಳು ಕಡಿಮೆಯಾದವಾ ನೋಡಿ. ಕಡಿಮೆಯಾದರೆ ಮಾತ್ರ ಎರಡನೇ ಪ್ರಕ್ರಿಯೆಗೆ ಕೈ ಹಾಕಿ.