ವಿಂಡೋಸ್‌ನಲ್ಲಿ ವಿಂಡೋ ಬಾರ್ಡರ್ ಸೆಟ್ಟಿಂಗ್ ಎಷ್ಟು ಸಲ ಹಾಕಿದ್ರೂ ಹೋಗ್ತೈತಾ? ಯಾವಾಗ ಹೋಗ್ತೈತೆ ಅಂತ ಮೊದ್ಲು ನೋಡ್ರಿ

ದಾವಣಗೇರಿಯೊಳಗೆ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ಮದ್ವೆ ಸೀಸನ್ ಬಂತಂದ್ರೆ ಸ್ಕ್ರೀನ್ ಮೇಲೆ ನುಡಿ, ವರ್ಡ್, ನಾಲ್ಕು ಫೋಲ್ಡರ್ ಎಲ್ಲಾ ಒಂದರ ಮೇಲೊಂದು, ಎಲ್ಲಾ ಬಿಳೀನೇ, ಯಾವ ವಿಂಡೋ ಎಲ್ಲಿ ಮುಗೀತು ಅನ್ನೋದೇ ಗೊತ್ತಾಗಲ್ಲ ಅಂತ ವಿಂಡೋ ಬಾರ್ಡರ್‌ಗೆ ಕುಂಕುಮದಂಥ ಕೆಂಪು ಹಾಕಿದ್ದೆ. ಮಂಡಕ್ಕಿ ಮಿರ್ಚಿ ತಿಂದು ಬರೋದ್ರೊಳಗೆ ನೀಲಿ ಆಗಿತ್ತು. ಮತ್ತೆ ಹಾಕಿದೆ, ಮತ್ತೆ ಹೋಯ್ತು.

ಹಿಂಗೆ ಮತ್ತೆ ಮತ್ತೆ ಹಾಕ್ತಾ ಕೂತ್ರೆ ಉಪಯೋಗ ಇಲ್ಲ. ಅದನ್ನ ಅಳಿಸ್ತಿರೋದು ಬೇರೆ ಏನೋ, ಯಾವ ಹೊತ್ತಿಗೆ ಹೋಗ್ತೈತೆ ಅಂತ ನೋಡಿದ್ರೆ ಅದು ಸಿಕ್ಕಿಬೀಳ್ತೈತೆ.

ಕೆಲಸ ಮಾಡ್ತಿರುವಾಗ್ಲೇ ಬಣ್ಣ ಬದಲಾಗ್ತಿದ್ರೆ ವಾಲ್‌ಪೇಪರ್ ಸ್ಲೈಡ್‌ಶೋ ಮೇಲೆ ಡೌಟ್ ಪಡ್ರಿ, ಪಟ ಬದಲಾದಂಗೆ ಅದರ ಬಣ್ಣಾನೇ ಬಾರ್ಡರ್‌ಗೂ ಬರ್ತೈತೆ, ನಂದು ಇದೇ ಆಗಿತ್ತು. ಸೆಟ್ಟಿಂಗ್ಸ್, ಪರ್ಸನಲೈಸೇಶನ್, ಕಲರ್ಸ್‌ಗೆ ಹೋಗ್ರಿ. ವಿಂಡೋಸ್ 11 ಒಳಗೆ ಆಕ್ಸೆಂಟ್ ಕಲರ್ (ಬಾರ್ಡರ್‌ಗೆ ಬರೋ ಬಣ್ಣ) ಆಟೋಮ್ಯಾಟಿಕ್ ಇದ್ರೆ ಮ್ಯಾನ್ಯುಯಲ್ ಮಾಡ್ರಿ, 10ರೊಳಗೆ ಬ್ಯಾಕ್‌ಗ್ರೌಂಡ್‌ನಿಂದ ಬಣ್ಣ ತಗೊಳ್ಳೋ ಟಿಕ್ ತೆಗೀರಿ. ಅಲ್ಲೇ ಕೆಳಗೆ ಟೈಟಲ್ ಬಾರ್ ಮತ್ತೆ ವಿಂಡೋ ಬಾರ್ಡರ್‌ದು ಆನ್ ಇರ್ಬೇಕು. ಆಮೇಲೆ ಥೀಮ್ಸ್‌ನಲ್ಲಿ ಒಂದು ಹೆಸರು ಕೊಟ್ಟು ಸೇವ್ ಮಾಡ್ಬಿಡ್ರಿ. ಈ ಪೇಜೇ ಲಾಕ್ ಆಗಿದ್ರೆ ವಿಂಡೋಸ್ ಆಕ್ಟಿವೇಟ್ ಆಗಿಲ್ಲ ಅಂತ, ಅದನ್ನ ಮೊದ್ಲು ಮಾಡಿಸ್ರಿ.

ಬಣ್ಣ ಅಲ್ಲ, ದಪ್ಪ ಬದಲಾಯಿಸ್ಬೇಕು ಅನ್ನೋರಿಗೆ ವಿಂಡೋಸ್ 8ರಿಂದ ಈಚೆಗೆ ಬಟನ್ನೇ ಇಲ್ಲ, ರಿಜಿಸ್ಟ್ರಿಗೆ, ಅಂದ್ರೆ ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡೋ ಜಾಗಕ್ಕೆ, ರಿಜಿಸ್ಟ್ರಿ ಎಡಿಟರ್‌ನಿಂದ ಕೈ ಹಾಕ್ಬೇಕು. ಕರೆಂಟ್ ಯೂಸರ್ (HKEY_CURRENT_USER, ಅಂದ್ರೆ ಈಗಿನ ಯೂಸರ್‌ನ ಸೆಟ್ಟಿಂಗ್) ಅಡಿ ಕಂಟ್ರೋಲ್ ಪ್ಯಾನೆಲ್, ಡೆಸ್ಕ್‌ಟಾಪ್, ವಿಂಡೋಮೆಟ್ರಿಕ್ಸ್. ಅಲ್ಲಿ ಪ್ಯಾಡೆಡ್‌ಬಾರ್ಡರ್‌ವಿಡ್ತ್ ಸಾಮಾನ್ಯವಾಗಿ -60 ಇರ್ತೈತೆ. ಮೈನಸ್ ನೋಡಿ ಗಾಬರಿ ಆಗ್ಬೇಡ್ರಿ, -15 ಅಂದ್ರೆ 1 ಪಿಕ್ಸೆಲ್, ಹಂಗಾಗಿ -60 ಅಂದ್ರೆ 4. ಕಮ್ಮಿ ಬೇಕಂದ್ರೆ 0 ಹಾಕಿ ಸೈನ್ ಔಟ್ ಆಗಿ ಒಳಗೆ ಬರ್ರಿ, ಅಲ್ಲೀತನಕ ಏನೂ ಕಾಣಲ್ಲ.

ಇಲ್ಲೇ ಒಂದು ಕಿತಾಪತಿ ಐತೆ. ನೀವು ಸಾದಾ ಅಕೌಂಟ್‌ನಲ್ಲಿದ್ದು ರಿಜಿಸ್ಟ್ರಿ ಎಡಿಟರನ್ನ ರನ್ ಆಸ್ ಅಡ್ಮಿನಿಸ್ಟ್ರೇಟರ್ ಅಂತ ತೆಗೆದು ಅಡ್ಮಿನ್ ಪಾಸ್‌ವರ್ಡ್ ಕೊಟ್ರೆ, ಅದಕ್ಕೆ ಕರೆಂಟ್ ಯೂಸರ್ ಅಂದ್ರೆ ನೀವಲ್ಲ, ಆ ಅಡ್ಮಿನ್ನು! ನೀವು ಬರೆದಿದ್ದೆಲ್ಲಾ ಅವನ ಖಾತೆಗೆ ಜಮಾ. ನಮ್ಮ ಹುಡುಗ ಎರಡು ದಿನ ಇದ್ರಲ್ಲೇ ಒದ್ದಾಡಿ "ಅಣ್ಣ, 0 ಹಾಕೀನಿ, ಇಲ್ಲೇ ಐತೆ ನೋಡು" ಅಂತ ತೋರಿಸ್ತಿದ್ದ. ಸುಮ್ನೆ ಡಬಲ್ ಕ್ಲಿಕ್ ಮಾಡಿ ತೆಗೀರಿ, ಪಾಸ್‌ವರ್ಡ್ ಬೇಕಿಲ್ಲ.

ಥೀಮ್ ಬದಲಾಯಿಸಿದಾಗ ಹೋದ್ರೆ ಆ ಥೀಮೇ ಹಳೇ ಅಳತೆ ವಾಪಸ್ ಬರೀತೈತೆ. ಅದಕ್ಕೆ ವಿಂಡೋಮೆಟ್ರಿಕ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಮಾಡಿ ಇಟ್ಕೊಂಡ್ರೆ, ಮುಂದಿನ ಸಲ ಆ ಫೈಲ್ ಒತ್ತಿ ಸೈನ್ ಔಟ್ ಆಗಿ ಬಂದ್ರೆ ಸಾಕು.

ಎರಡು ಕಂಪ್ಯೂಟರ್‌ಗೆ ಒಂದೇ ಮೈಕ್ರೋಸಾಫ್ಟ್ ಅಕೌಂಟ್ ಇದ್ರೆ ಸಿಂಕ್ (ಒಂದರ ಸೆಟ್ಟಿಂಗ್ ಇನ್ನೊಂದಕ್ಕೆ ಹೋಗೋದು) ಆಫ್ ಮಾಡಿ ನೋಡ್ರಿ, ಮನೇದು ಅಂಗಡೀದನ್ನ ತಿಂತಿರಬಹುದು.

ಇನ್ನು ಬಾರ್ಡರ್ ಜೊತೆ ಡೆಸ್ಕ್‌ಟಾಪ್ ಫೈಲೂ ಮಾಯ ಆಗ್ತಿದ್ರೆ ವಿಷ್ಯ ದೊಡ್ಡದು. ಲಾಗಿನ್ ಆದಾಗ ಟೆಂಪರರಿ ಪ್ರೊಫೈಲ್ ಅಂತ ಮೆಸೇಜ್ ಬಂದ್ರೆ ಸೈನ್ ಔಟ್ ಆದ ಕೂಡ್ಲೇ ಎಲ್ಲಾ ಹೋಗ್ತೈತೆ, ಆ ಹೊತ್ತು ಮಾಡಿದ ಕೆಲ್ಸ ಮೊದ್ಲು ಪೆನ್‌ಡ್ರೈವ್‌ಗೆ ಹಾಕ್ಕೊಳ್ರಿ. ಕಾಲೇಜ್ ಲ್ಯಾಬು, ಸೈಬರ್‌ಗಳಲ್ಲಿ ರೀಸ್ಟಾರ್ಟ್ ಆದ್ರೆ ಮೊದಲಿನಂಗೆ ಮಾಡೋ ಸಾಫ್ಟ್‌ವೇರ್ ಹಾಕಿರ್ತಾರೆ, ಅಲ್ಲಿ ಬಾರ್ಡರ್ ಆಸೆ ಬಿಡ್ರಿ.