ಗೇರ್ ಬೀಳುತ್ತಿಲ್ಲವಾ? ಮೊದಲು ಎಂಜಿನ್ ಆಫ್ ಮಾಡಿ ನೋಡಿ

ಗೇರ್ ಸರಿಯಾಗಿ ಬೀಳುತ್ತಿಲ್ಲ ಅಂತ ಗ್ಯಾರೇಜಿಗೆ ಹೋದರೆ ಬಹಳ ಸಲ ಸಿಗುವ ಉತ್ತರ ಒಂದೇ: "ಗೇರ್ ಬಾಕ್ಸ್ ಇಳಿಸ್ಬೇಕು ಸಾರ್." ಇಳಿಸಿದ ಮೇಲೆ ಕೂಲಿ, ಕ್ಲಚ್ ಸೆಟ್, ಆಯಿಲ್ ಸೀಲು, ಅದು ಇದು ಅಂತ ಬಿಲ್ಲು ಬೆಳೆಯುತ್ತಾ ಹೋಗುತ್ತದೆ. ನನ್ನ ಕಾರಿಗೂ ಇದೇ ಮಾತು ಬಂದಿತ್ತು. ನಾನು ಇಳಿಸಲಿಲ್ಲ. ಬಾನೆಟ್ ಎತ್ತಿ ಗೇರ್ ಕೇಬಲ್ ತುದಿಯಲ್ಲಿ ಕೂರುವ ಒಂದು ಸಣ್ಣ ಪ್ಲಾಸ್ಟಿಕ್ ಬುಷ್ ಬದಲಾಯಿಸಿದೆ, ಗೇರ್ ಆಯಿಲ್ ಚೇಂಜ್ ಮಾಡಿದೆ, ಕಾರು ಈಗಲೂ ಓಡುತ್ತಿದೆ. ನಾನು ಮೆಕ್ಯಾನಿಕ್ ಅಲ್ಲ. ಸ್ಪ್ಯಾನರ್ ಹಿಡಿಯುವ ಚಟ ಇರುವವನು ಅಷ್ಟೇ.

ನಮ್ಮದು ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಐದು ಗೇರು, ಮ್ಯಾನ್ಯುಯಲ್. ಕಂಪನಿ ಹೆಸರು ಬೇಡ, ವಯಸ್ಸಾದ ಯಾವ ಕಾರಿಗೂ ಬರುವ ಕಾಯಿಲೆ ಇದು. ಮನೆ ತೀರ್ಥಹಳ್ಳಿ ಕಡೆ. ಉಡುಪಿಗೆ ಹೋಗಬೇಕೆಂದರೆ ಆಗುಂಬೆ ಘಾಟಿ ಇಳಿಯಬೇಕು, ವಾಪಸ್ ಬರುವಾಗ ಹತ್ತಬೇಕು. 14 ತಿರುವುಗಳಲ್ಲಿ ಒಂದು–ಎರಡು, ಎರಡು–ಒಂದು ಅಂತ ಗೇರ್ ಬದಲಾಯಿಸುತ್ತಲೇ ಇರಬೇಕು. ಹಾಗಾಗಿ ಗೇರಿನಲ್ಲಿ ಏನಾದರೂ ಎಡವಟ್ಟಾದರೆ ನಮ್ಮ ಕಡೆಯವರಿಗೆ ಬೇಗ ಗೊತ್ತಾಗುತ್ತದೆ.

ಶುರುವಾಗಿದ್ದು ರಿವರ್ಸ್‌ನಿಂದ. ಒಂದೇ ಸಲಕ್ಕೆ ಬೀಳುತ್ತಿರಲಿಲ್ಲ, ಲಿವರನ್ನು ಬಲಕ್ಕೆ ಜೋರಾಗಿ ಒತ್ತಿ ಹಿಡಿಯಬೇಕಿತ್ತು. ಆಮೇಲೆ ಒಂದನೇ ಗೇರ್ ಹಾಕಿದೆ ಅಂತ ಕ್ಲಚ್ ಬಿಟ್ಟರೆ ಗಾಡಿ ಗುಕ್ ಅಂದು ಆಫ್ ಆಗುತ್ತಿತ್ತು. ನೋಡಿದರೆ ಒಂದರ ಬದಲು ಮೂರು ಬಿದ್ದಿರುತ್ತಿತ್ತು. ಲಿವರ್ ಎಡಕ್ಕೂ ಬಲಕ್ಕೂ ಆರಾಮಾಗಿ ಓಲಾಡುತ್ತಿತ್ತು. ಮೂರು, ನಾಲ್ಕು ಮಾತ್ರ ಬೆಣ್ಣೆ ಹಾಗೆ ಬೀಳುತ್ತಿದ್ದವು. ಈ ಕೊನೆಯ ವಿಷಯವೇ ನನಗೆ ದಾರಿ ತೋರಿಸಿದ್ದು. ಗೇರ್ ಬಾಕ್ಸ್ ಒಳಗೆ ಹಲ್ಲು ಮುರಿದಿದ್ದರೆ ಎರಡು ಗೇರು ಇಷ್ಟು ಚೆನ್ನಾಗಿ, ಉಳಿದವು ಅಷ್ಟು ಕೆಟ್ಟದಾಗಿ ಯಾಕೆ ಬೀಳಬೇಕು?

ಯಾವುದಕ್ಕೂ ಮುಂಚೆ ಮಾಡುವ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆಫ್ ಮಾಡಿ. ಕ್ಲಚ್ ಒತ್ತಿ ಎಲ್ಲಾ ಗೇರನ್ನೂ ಒಂದೊಂದಾಗಿ ಹಾಕಿ ನೋಡಿ. ಎಂಜಿನ್ ನಿಂತಿರುವಾಗ ಗೇರ್ ಬಾಕ್ಸ್‌ಗೆ ಹೋಗುವ ಶಾಫ್ಟ್ ತಿರುಗುವುದಿಲ್ಲ, ಅಂದರೆ ಕ್ಲಚ್ ಎಂಜಿನ್ನನ್ನೂ ಬಾಕ್ಸನ್ನೂ ಬೇರೆ ಮಾಡುತ್ತಿದೆಯೋ (ಬಿಡುತ್ತಿದೆಯೋ) ಇಲ್ಲವೋ ಅನ್ನುವ ಪ್ರಶ್ನೆಯೇ ಇಲ್ಲ. ಆಫ್ ಇದ್ದಾಗ ಎಲ್ಲಾ ಗೇರೂ ಸಲೀಸಾಗಿ ಬಿದ್ದು, ಸ್ಟಾರ್ಟ್ ಮಾಡಿದ ಮೇಲೆ ಮಾತ್ರ ಕಷ್ಟವಾದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂತ ಅರ್ಥ. ಆಫ್ ಇದ್ದಾಗಲೂ ಬೀಳದಿದ್ದರೆ ತಪ್ಪು ಲಿವರ್, ಕೇಬಲ್, ಇಲ್ಲವೇ ಬಾಕ್ಸ್ ಒಳಗೆ. ಒಂದು ಮಾತು ನೆನಪಿರಲಿ, ನಿಂತ ಗಾಡಿಯಲ್ಲಿ ಹಲ್ಲಿಗೆ ಹಲ್ಲು ಎದುರಾಗಿ ಗೇರ್ ಬೀಳದೇ ಇರುವುದು ಸಹಜ. ಹ್ಯಾಂಡ್‌ಬ್ರೇಕ್ ಬಿಟ್ಟು ಗಾಡಿಯನ್ನು ಒಂದಿಷ್ಟು ಹಿಂದೆ ಮುಂದೆ ಅಲ್ಲಾಡಿಸಿ ಮತ್ತೆ ಹಾಕಿ ನೋಡಬೇಕು.

ನಮ್ಮ ಕಾರಿನಲ್ಲಿ ಆಫ್ ಇದ್ದಾಗಲೂ ಒಂದು, ಎರಡು, ರಿವರ್ಸ್ ಬೀಳಲಿಲ್ಲ. ಅಲ್ಲಿಗೆ ಕ್ಲಚ್ ಕಥೆ ಮುಗಿಯಿತು.

ಮುಂದಿನ ಚಕ್ರದ ಡ್ರೈವ್ ಇರುವ ಈಗಿನ ಕಾರುಗಳಲ್ಲಿ ಗೇರ್ ಲಿವರಿಗೂ ಬಾಕ್ಸಿಗೂ ನಡುವೆ ಸಾಮಾನ್ಯವಾಗಿ ಎರಡು ಕೇಬಲ್ ಇರುತ್ತವೆ. ಒಂದು ಸೆಲೆಕ್ಟ್ ಕೇಬಲ್, ಲಿವರನ್ನು ಎಡಕ್ಕೆ ಬಲಕ್ಕೆ ಮಾಡಿದಾಗ ಎಳೆಯುವುದು. ಇನ್ನೊಂದು ಶಿಫ್ಟ್ ಕೇಬಲ್, ಮುಂದೆ ಹಿಂದೆ ಮಾಡಿದಾಗ ಎಳೆಯುವುದು. ಏರ್ ಫಿಲ್ಟರ್ ಡಬ್ಬಿ ಬಿಚ್ಚಿದೆ, ಬ್ಯಾಟರಿ ತೆಗೆದು ಪಕ್ಕಕ್ಕಿಟ್ಟೆ. ಕೆಳಗೆ ಬಾಕ್ಸ್ ತಲೆಯ ಮೇಲೆ ಎರಡು ಕೇಬಲ್ಲೂ ಬಂದು ಸೇರುವ ಜಾಗ ಕಂಡಿತು, ವರ್ಷಗಳ ಮಣ್ಣು ಮೆತ್ತಿಕೊಂಡಿತ್ತು. ಬ್ರಷ್ಷಿಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ಉಜ್ಜಿದೆ.

ಇಲ್ಲಿ ಎರಡನೇ ಮನುಷ್ಯ ಬೇಕು. ಮಗಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ, ಕೀ ನನ್ನ ಜೇಬಿನಲ್ಲಿ.

"ಎಡಕ್ಕೆ ತಳ್ಳು ಪುಟ್ಟಾ."

"ತಳ್ದೆ ಅಪ್ಪಾ."

"ಇನ್ನೂ ತಳ್ಳು."

"ಪೂರ್ತಿ ತಳ್ಳಿದೀನಿ, ಇನ್ನೆಲ್ಲಿಗೆ ತಳ್ಳಲಿ!"

ಕೇಬಲ್ ತುದಿ ಹಿಂದೆ ಮುಂದೆ ಚೆನ್ನಾಗಿಯೇ ಓಡಾಡುತ್ತಿತ್ತು. ಆದರೆ ಅದು ಹಿಡಿದುಕೊಳ್ಳಬೇಕಾದ ಬಾಕ್ಸ್ ಮೇಲಿನ ಆರ್ಮ್ ಮಾತ್ರ ಕದಲುತ್ತಿರಲಿಲ್ಲ. ಕೇಬಲ್ ತುದಿಯಲ್ಲಿ ಒಂದು ಬಳೆಯಂಥ ಕಣ್ಣು ಇರುತ್ತದೆ, ಅದರೊಳಗೆ ಪ್ಲಾಸ್ಟಿಕ್ ಬುಷ್, ಬುಷ್ಷಿನೊಳಗೆ ಆರ್ಮಿನ ಪಿನ್. ಆ ಬುಷ್ ಸವೆದು ಅರ್ಧ ಪುಡಿಯಾಗಿ ಉದುರಿಹೋಗಿತ್ತು, ಉಳಿದ ಅರ್ಧ ಉಗುರಿನಲ್ಲಿ ಕೆರೆದರೆ ಕಂದು ಚಕ್ಕೆಯಾಗಿ ಬಂತು. ದಪ್ಪ ಕಣ್ಣಿನೊಳಗೆ ಸಣ್ಣ ಪಿನ್ ಸುಮ್ನೆ ಅಲ್ಲಾಡುತ್ತಿತ್ತು. ಸೆಲೆಕ್ಟ್ ಕೇಬಲ್ ಕೆಲಸ ಮಾಡದಿದ್ದಾಗ ಬಾಕ್ಸ್ ಒಳಗಿನ ಸ್ಪ್ರಿಂಗು ಅದನ್ನು ನಡುವಿನ ಸಾಲಿಗೆ ತಂದು ನಿಲ್ಲಿಸುತ್ತದೆ. ನಡುವಿನ ಸಾಲು ಅಂದರೆ ಮೂರು–ನಾಲ್ಕು. ಒಂದು ಹಾಕಿದರೆ ಮೂರು ಬೀಳುತ್ತಿದ್ದುದಕ್ಕೆ ಕಾರಣ ಇದೇ.

ಅವತ್ತಿಗೆ ಪ್ಲಾಸ್ಟಿಕ್ ಕೇಬಲ್ ಟೈ ಎರಡು ಸುತ್ತು ಬಿಗಿದು ಕಣ್ಣನ್ನೂ ಪಿನ್ನನ್ನೂ ಸೇರಿಸಿ ಕಟ್ಟಿದೆ. ದಾರಿಯಲ್ಲಿ ಕೈಕೊಟ್ಟರೆ ಮನೆ ಸೇರಲು ಇದು ಸಾಕು, ಆದರೆ ಇದನ್ನೇ ನಂಬಿ ಘಾಟಿ ಇಳಿಯಬೇಡಿ. ಬಿಡಿಭಾಗದ ಅಂಗಡಿಯಲ್ಲಿ ಬುಷ್ ಕೇಳಿದರೆ "ಬುಷ್ ಒಂದೇ ಬರಲ್ಲ, ಕೇಬಲ್ ಸೆಟ್ಟೇ ತಗೋಬೇಕು" ಅನ್ನುತ್ತಾರೆ. ಕೇಬಲ್ ಒಳಗೇ ತುಕ್ಕು ಹಿಡಿದು ಬಿಗಿಯಾಗಿದ್ದರೆ ಸೆಟ್ ಹಾಕುವುದೇ ಸರಿ. ಎರಡೂ ತುದಿ ಬಿಚ್ಚಿ ಕೈಯಲ್ಲಿ ಎಳೆದು ನೋಡಿದರೆ ಗೊತ್ತಾಗುತ್ತದೆ. ನನ್ನದು ಒಳ್ಳೆಯ ಸ್ಥಿತಿಯಲ್ಲೇ ಇತ್ತು. ಬೆಂಗಳೂರಿಗೆ ಹೋದಾಗ ಹಳೆಯ ಬುಷ್ಷಿನ ಚೂರು ಜೇಬಿನಲ್ಲಿಟ್ಟುಕೊಂಡು ಜೆ.ಸಿ. ರೋಡಿನಲ್ಲಿ ಅಂಗಡಿ ಅಂಗಡಿ ತಿರುಗಿದೆ, ಕೊನೆಗೆ ಒಬ್ಬರು ಡಬ್ಬಿಯಿಂದ ಅಳತೆಗೆ ಕೂರುವ ಬುಷ್ ತೆಗೆದುಕೊಟ್ಟರು. ಕಾಸು ಲೆಕ್ಕಕ್ಕೇ ಇಲ್ಲ. ಹಾಕುವಾಗ ಬುಷ್ಷನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿದೆ, ಮೆತ್ತಗಾಗಿ ಕಣ್ಣಿನೊಳಗೆ ಪ್ಲಾಯರಿನಲ್ಲಿ ಒತ್ತಿದ ತಕ್ಷಣ ಟಕ್ ಅಂತ ಕೂತಿತು. ಕೊನೆಯಲ್ಲಿ ಪಿನ್ನಿನ ಲಾಕ್ ಕ್ಲಿಪ್ ಹಾಕಬೇಕು. ಅದು ಚಿಮ್ಮಿ ಎಂಜಿನ್ ಸಂದಿಗೆ ಬಿದ್ದರೆ ಆಮೇಲೆ ಅರ್ಧ ದಿನ ಹುಡುಕಾಟ, ಹಾಗಾಗಿ ಕೆಳಗೆ ಬಟ್ಟೆ ಹಾಸಿಯೇ ಕೈ ಹಾಕಿ.

ಗೇರ್ ಎಲ್ಲಾ ಬೀಳತೊಡಗಿದವು. ಆದರೆ ಬೆಳಿಗ್ಗೆ ಥಂಡಿಯಲ್ಲಿ ಒಂದರಿಂದ ಎರಡಕ್ಕೆ ಹಾಕುವಾಗ ಒಂದು ಸಣ್ಣ ಕರಕ್ ಉಳಿದುಕೊಂಡಿತ್ತು. ಗಾಡಿ ಬಿಸಿಯಾದ ಮೇಲೆ ಮಾಯ. ಇದು ಬೇರೆ ವಿಷಯ. ಹಾಕುವ ಗೇರಿನ ವೇಗವನ್ನೂ ಅದರ ಶಾಫ್ಟಿನ ವೇಗವನ್ನೂ ಒಂದಕ್ಕೊಂದು ಹೊಂದಿಸಲು ಒಳಗೆ ಸಿಂಕ್ರೊ ರಿಂಗ್ ಇರುತ್ತದೆ, ಹೆಚ್ಚಾಗಿ ಹಿತ್ತಾಳೆಯದು. ಆಯಿಲ್ ಹಳೆಯದಾದರೆ, ಕಡಿಮೆಯಾದರೆ ಅಥವಾ ತಪ್ಪು ಆಯಿಲ್ ಹಾಕಿದ್ದರೆ ಆ ರಿಂಗ್ ಸರಿಯಾಗಿ ಹಿಡಿಯುವುದಿಲ್ಲ. ಎಂಜಿನ್ ಆಯಿಲನ್ನು ಎಲ್ಲರೂ ಬದಲಾಯಿಸುತ್ತಾರೆ, ಗೇರ್ ಆಯಿಲ್ ಯಾರಿಗೂ ನೆನಪಾಗುವುದಿಲ್ಲ ಅಲ್ವಾ?

ಬದಲಾಯಿಸುವಾಗ ನಾನು ಬಿಡದೆ ಪಾಲಿಸುವ ನಿಯಮ ಒಂದಿದೆ. ಮೊದಲು ಆಯಿಲ್ ತುಂಬುವ ಮೇಲಿನ ಬೋಲ್ಟ್ ಬಿಚ್ಚಬೇಕು, ಅದು ಬಿಚ್ಚಿದ ಮೇಲೆಯೇ ಕೆಳಗಿನ ಡ್ರೈನ್ ಬೋಲ್ಟಿಗೆ ಕೈ ಹಾಕಬೇಕು. ಕೆಳಗೆ ಎಲ್ಲಾ ಖಾಲಿ ಮಾಡಿದ ಮೇಲೆ ಮೇಲಿನದು ತುಕ್ಕು ಹಿಡಿದು ಬರಲಿಲ್ಲ ಅಂದರೆ ಗಾಡಿ ಟೋ ಮಾಡಿಸುವುದೇ ಗತಿ. ಸ್ವಲ್ಪ ಓಡಿಸಿ ಬಿಸಿ ಮಾಡಿದ ಮೇಲೆ ಇಳಿಸಿದರೆ ಬೇಗ ಇಳಿಯುತ್ತದೆ. ಗಾಡಿ ಕೆಳಗೆ ಹೋಗುವ ಮುಂಚೆ ಜಾಕ್ ಜೊತೆ ಸ್ಟ್ಯಾಂಡ್ ಇಡಲೇಬೇಕು, ಬರೀ ಜಾಕ್ ನಂಬಿ ಒಳಗೆ ನುಗ್ಗುವುದು ಬೇಡ. ತುಂಬುವಾಗ ಮಾತ್ರ ಗಾಡಿ ಮಟ್ಟಸವಾಗಿ ನಿಂತಿರಬೇಕು. ಫಿಲ್ಲರ್ ತೂತಿನ ಕೆಳಗಿನ ಅಂಚಿನವರೆಗೆ ಬಂದು ತೊಟ್ಟಿಕ್ಕಲು ಶುರುವಾದರೆ ಸಾಕು.

ಡ್ರೈನ್ ಬೋಲ್ಟಿನ ತುದಿಯಲ್ಲಿ ಬಹಳ ಗಾಡಿಗಳಲ್ಲಿ ಮ್ಯಾಗ್ನೆಟ್ ಇರುತ್ತದೆ, ನನ್ನದರಲ್ಲೂ ಇತ್ತು. ಅದನ್ನು ಒರೆಸಿ ಎಸೆಯಬೇಡಿ, ಬೆರಳಿಗೆ ಸವರಿ ನೋಡಿ. ನುಣ್ಣಗಿನ ಬೂದು ಲೇಪ ಇದ್ದರೆ ಅದು ಮಾಮೂಲಿ ಸವೆತ. ಬೆರಳಿಗೆ ಚುಚ್ಚುವ ಚೂರು, ಹಲ್ಲಿನ ತುಂಡು ಸಿಕ್ಕರೆ ಬಾಕ್ಸ್ ಇಳಿಸಲೇಬೇಕು, ಆಗ ಮೆಕ್ಯಾನಿಕ್ ಹೇಳಿದ್ದೇ ಸರಿ. ನನಗೆ ಸಿಕ್ಕಿದ್ದು ಲೇಪ ಮಾತ್ರ, ಆಯಿಲ್ ಮಾತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು.

ಯಾವ ಆಯಿಲ್ ಅನ್ನುವುದರಲ್ಲಿ ಉದಾಸೀನ ಬೇಡ. ನಮ್ಮ ಕಾರಿನ ಮ್ಯಾನ್ಯುಯಲ್ ಪುಸ್ತಕದಲ್ಲಿ 75ಡಬ್ಲ್ಯೂ-90 (ಆಯಿಲಿನ ದಪ್ಪ), ಜಿಎಲ್-4 (ಆಯಿಲಿನ ದರ್ಜೆ) ಅಂತಿದೆ. ಅಂಗಡಿಯವರು "ಜಿಎಲ್-5 ಇನ್ನೂ ಒಳ್ಳೇದು ಸಾರ್, ನಂಬರ್ ಜಾಸ್ತಿ" ಅಂದರು. ನಂಬರ್ ಜಾಸ್ತಿ ಇದ್ದ ಮಾತ್ರಕ್ಕೆ ಒಳ್ಳೆಯದಲ್ಲ. ಜಿಎಲ್-5ರಲ್ಲಿ ಭಾರ ತಡೆಯುವ ಗಂಧಕ–ರಂಜಕದ ಅಂಶ ಜಾಸ್ತಿ, ಕೆಲವು ಆಯಿಲ್‌ಗಳಲ್ಲಿ ಅದು ಹಿತ್ತಾಳೆಗೆ ಆಗಿಬರುವುದಿಲ್ಲ. ಜೊತೆಗೆ ಸಿಂಕ್ರೊ ಹಿಡಿಯಬೇಕಾದ ಕಡೆ ಜಾರಿಸುತ್ತದೆ. ಪುಸ್ತಕದಲ್ಲಿ ಬರೆದದ್ದನ್ನೇ ಹಾಕಿ. ಹೊಸ ಆಯಿಲ್ ಹಾಕಿದ ಮೇಲೆ ಬೆಳಗಿನ ಕರಕ್ ಬಹುಪಾಲು ಹೋಯಿತು, ಪೂರ್ತಿ ಅಲ್ಲ. ಎರಡನೇ ಗೇರಿನ ಸಿಂಕ್ರೊ ಒಂದಿಷ್ಟು ಸವೆದಿದೆ ಅಂತ ಲೆಕ್ಕ. ತಣ್ಣಗಿರುವಾಗ ನಿಧಾನವಾಗಿ ಗೇರ್ ಹಾಕಿದರೆ ಇನ್ನೂ ವರ್ಷಗಟ್ಟಲೆ ಬರುತ್ತದೆ.

ಕ್ಲಚ್ ಕಡೆಯ ಕಥೆ ನೋಡಿದ್ದು ಸ್ನೇಹಿತನ ಕಾರಿನಲ್ಲಿ. ಅವನದು ಬೆಂಗಳೂರಿನ ಗಾಡಿ, ಸಿಲ್ಕ್ ಬೋರ್ಡ್ ಕಡೆಯ ಟ್ರಾಫಿಕ್ಕಿನಲ್ಲಿ ದಿನವೂ ಹಾಫ್ ಕ್ಲಚ್ಚಿನಲ್ಲೇ ಬದುಕು. ಎಂಜಿನ್ ಆಫ್ ಇದ್ದರೆ ಎಲ್ಲಾ ಗೇರ್ ಬೀಳುತ್ತವೆ, ಸ್ಟಾರ್ಟ್ ಆದರೆ ರಿವರ್ಸ್ ಗರ್ ಅನ್ನುತ್ತದೆ. ಕ್ಲಚ್ ಒತ್ತಿ ಹಿಡಿದು ಐದಾರು ಸೆಕೆಂಡ್ ಕಾದು ರಿವರ್ಸ್ ಹಾಕಿದರೂ ಅದೇ ಸದ್ದು. ಬಹಳ ಗಾಡಿಗಳಲ್ಲಿ ರಿವರ್ಸ್‌ಗೆ ಸಿಂಕ್ರೊ ಇರುವುದಿಲ್ಲ, ಹಾಗಾಗಿ ಕ್ಲಚ್ ಪೂರ್ತಿ ಬಿಡದಿದ್ದರೆ ಅಲ್ಲೇ ಮೊದಲು ಗೊತ್ತಾಗುತ್ತದೆ. ಕೇಬಲ್ ಕ್ಲಚ್ ಆದ್ದರಿಂದ ಪೆಡಲ್ ಒತ್ತಿ ನೋಡಿದೆ, ಮೊದಲ ಅರ್ಧ ಹಾದಿ ಬರೀ ಖಾಲಿ. ಕೇಬಲ್ ತುದಿಯ ನಟ್ ಬಿಗಿ ಮಾಡಿ ಫ್ರೀ ಪ್ಲೇ, ಅಂದರೆ ಪೆಡಲಿನ ಈ ಖಾಲಿ ಓಟ, ಪುಸ್ತಕದಲ್ಲಿದ್ದಷ್ಟಕ್ಕೆ ತಂದೆ. ರಿವರ್ಸ್ ಸದ್ದಿಲ್ಲದೆ ಬಿತ್ತು. ಫ್ರೀ ಪ್ಲೇ ಪೂರ್ತಿ ತೆಗೆದುಬಿಟ್ಟರೂ ಕಷ್ಟ, ಆಗ ಕ್ಲಚ್ ಯಾವಾಗಲೂ ಸ್ವಲ್ಪ ಒತ್ತಿದಂತೆಯೇ ಇದ್ದು ಜಾರಿ ಸುಟ್ಟುಹೋಗುತ್ತದೆ. ಕೇಬಲ್ ಬದಲು ಎಣ್ಣೆಯ ಒತ್ತಡದಲ್ಲಿ ಕೆಲಸ ಮಾಡುವ ಹೈಡ್ರಾಲಿಕ್ ಕ್ಲಚ್ ಇದ್ದರೆ ಪೆಡಲನ್ನು ನಾಲ್ಕೈದು ಸಲ ಪಂಪ್ ಮಾಡಿ ನೋಡಿ. ಪಂಪ್ ಮಾಡಿದ ಮೇಲೆ ಗೇರ್ ಬಿದ್ದರೆ ಲೈನಿನಲ್ಲಿ ಗಾಳಿ ಸೇರಿದೆ ಅಥವಾ ಸಿಲಿಂಡರ್ ಸೋರುತ್ತಿದೆ.

ಕ್ಲಚ್ ಸ್ಲಿಪ್ ಆಗುತ್ತಿದೆಯಾ, ಅಂದರೆ ಹಿಡಿಯದೆ ಜಾರುತ್ತಿದೆಯಾ ನೋಡಲು: ಮುಂದೆ ಖಾಲಿ ಜಾಗ ಇರಲಿ, ಹ್ಯಾಂಡ್‌ಬ್ರೇಕ್ ಎಳೆದು ಬ್ರೇಕ್ ಒತ್ತಿ, ನಾಲ್ಕನೇ ಗೇರ್ ಹಾಕಿ ಮೆಲ್ಲಗೆ ಕ್ಲಚ್ ಬಿಡಿ. ಎಂಜಿನ್ ಕೂಡಲೇ ಆಫ್ ಆಗಬೇಕು. ಆಗದೆ ಓಡುತ್ತಲೇ ಇದ್ದರೆ ಕ್ಲಚ್ ಪ್ಲೇಟ್ ಸವೆದು ಮುಗಿದಿದೆ. ಪದೇ ಪದೇ ಮಾಡಬೇಡಿ. ಪ್ಲೇಟ್ ಹಾಕಿಸುವುದಾದರೆ ಅದು, ಅದನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್, ಪೆಡಲ್ ಒತ್ತಿದಾಗ ಆ ಹಿಡಿತ ಬಿಡಿಸುವ ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ, ಹೇಗಿದ್ದರೂ ಕೂಲಿ ಅಷ್ಟೇ ತಾನೇ. ಹಳೆಯ ಸಾಮಾನು ಕೇಳಿ ತೆಗೆದುಕೊಳ್ಳಿ.

ಸದ್ದಿನ ವಿಷಯ ಸ್ವಲ್ಪದರಲ್ಲಿ ಹೇಳುತ್ತೇನೆ. ನ್ಯೂಟ್ರಲ್‌ನಲ್ಲಿ ಗುಯ್ ಅನ್ನುವ ಸದ್ದು ಕ್ಲಚ್ ಒತ್ತಿದರೆ ನಿಂತರೆ ಎಂಜಿನ್ ಕಡೆಯಿಂದ ಬಾಕ್ಸಿಗೆ ಬರುವ ಇನ್‌ಪುಟ್ ಶಾಫ್ಟಿನ ಬೇರಿಂಗ್ ಮೇಲೆ ಅನುಮಾನ. ಒತ್ತಿದಾಗಲೇ ಬಂದರೆ ರಿಲೀಸ್ ಬೇರಿಂಗ್. ಆಕ್ಸಿಲರೇಟರ್ ಒತ್ತಿ ಬಿಟ್ಟಾಗೆಲ್ಲಾ ಗೇರ್ ಲಿವರ್ ತಾನೇ ಹಿಂದೆ ಮುಂದೆ ಆಡಿದರೆ, ಗೇರ್ ಹಾರಿ ನ್ಯೂಟ್ರಲ್ಲಿಗೆ ಬಂದರೆ, ಬಾಕ್ಸಿಗೆ ಬೈಯುವ ಮುಂಚೆ ಎಂಜಿನ್ ಕೂರುವ ಮೌಂಟ್ ರಬ್ಬರ್ ಹರಿದಿದೆಯಾ ನೋಡಿ. ಬಾಕ್ಸ್ ಬಿಚ್ಚುವ ಕೆಲಸಕ್ಕೆ ಮಾತ್ರ ನಾನು ಕೈ ಹಾಕುವುದಿಲ್ಲ. ಅದಕ್ಕೆ ಪ್ರೆಸ್ಸು, ಪುಲ್ಲರ್ರು, ಪಳಗಿದ ಕೈ ಬೇಕು.

ಆಟೋಮ್ಯಾಟಿಕ್ ಕಾರಿನಲ್ಲಿ ಆಯಿಲ್, ವಾಲ್ವು, ಕಂಪ್ಯೂಟರ್ ಎಲ್ಲಾ ಸೇರಿ ಲೆಕ್ಕವೇ ಬೇರೆ, ಆದರೆ ಲಿವರ್ ಪಿ (ಪಾರ್ಕ್) ಇಂದ ಅಲ್ಲಾಡದಿರುವುದು ಹಲವು ಸಲ ಬಾಕ್ಸಿನ ತಪ್ಪೇ ಅಲ್ಲ. ಭಾವ ಒಮ್ಮೆ ಮದುವೆ ಛತ್ರದ ಪಾರ್ಕಿಂಗಿನಿಂದ ಫೋನ್ ಮಾಡಿದ್ದರು, ಹಿಂದೆ ನಿಂತ ಗಾಡಿಯವರು ಹಾರ್ನ್ ಬಾರಿಸುವುದು ಇಲ್ಲಿಗೇ ಕೇಳುತ್ತಿತ್ತು. "ಭಾವ, ಬ್ರೇಕ್ ಒತ್ತಿದಾಗ ಹಿಂದಿನ ಕೆಂಪು ಲೈಟ್ ಬರುತ್ತಾ ನೋಡಕ್ಕೆ ಯಾರಿಗಾದ್ರೂ ಹೇಳಿ" ಅಂದೆ. ಬರುತ್ತಿರಲಿಲ್ಲ. ಬ್ರೇಕ್ ಒತ್ತಿದ ಸುದ್ದಿ ಆ ಲೈಟ್ ಹಚ್ಚುವ ಪೆಡಲಿನ ಸ್ವಿಚ್ಚಿನಿಂದ ಬಂದರೆ ಮಾತ್ರ ಲಿವರಿನ ಲಾಕ್ ಬಿಡುತ್ತದೆ. ಲಿವರ್ ಪಕ್ಕ ಒಂದು ಪುಟ್ಟ ಮುಚ್ಚಳ ಇತ್ತು, ಅದನ್ನು ತೆಗೆದು, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಕೀ ತುದಿಯಿಂದ ಒಳಗೆ ಒತ್ತಿ ಲಿವರ್ ಎಳೆಯಲು ಹೇಳಿದೆ. ನ್ಯೂಟ್ರಲ್ಲಿಗೆ ಬಂತು, ಸ್ಟಾರ್ಟ್ ಆಯಿತು. ಬ್ರೇಕ್ ಲೈಟ್ ಇಲ್ಲದೆ ಹೈವೇಗೆ ಹೋಗಬೇಡಿ ಅಂದಿದ್ದಕ್ಕೆ ಹತ್ತಿರದ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ ಪೆಡಲ್ ಮೇಲಿನ ಸ್ವಿಚ್ ಹಾಕಿಸಿಕೊಂಡೇ ಊರಿಗೆ ಹೊರಟರು.